ಟಾಪ್ ಸ್ಪೀಡ್ ಕೇಳಬ್ಯಾಡ್ರಿ, ಗಾಲಿ ಎಷ್ಟು ಇಂಚು ಅಂತ ಕೇಳ್ರಿ

ಭಾಗ 1

ದೋಸ್ತರೇ, ಮೊನ್ನೆ ಸ್ಟೋರಿಯೊಳಗ ಒಂದು ಕಪ್ಪು ಸ್ಕೂಟರ್ ಫೋಟೊ ಹಾಕಿದ್ದೆ. ಯಡೂರ ವೀರಭದ್ರೇಶ್ವರ ಗುಡಿ ಕಡೆಯಿಂದ ಹೊಳಿಗೆ ಹೋಗೋ ದಾರಿಯಾಗ ನಿಲ್ಲಿಸಿ ತೆಗೆದದ್ದು. ಇನ್‌ಬಾಕ್ಸ್ ತುಂಬ ನಿಮ್ಮ ಮೆಸೇಜು. ಅರ್ಧ ಮಂದಿ ಕೇಳಿದ್ದು ಒಂದೇ ಮಾತು, "ಟಾಪ್ ಸ್ಪೀಡ್ ಎಷ್ಟ?" ಇನ್ನರ್ಧ ಮಂದಿ, "ಖರೇನ ಇಟಲಿ ಗಾಡಿ ಏನ?" ಒಬ್ಬ ಮಾತ್ರ ಫೋಟೊ ಜೂಮ್ ಮಾಡಿ ನೋಡಿ, "ಎಡಗಡೆ ಪ್ಯಾನೆಲ್ ಯಾಕ ಒಡದೈತಿ?" ಅಂದ. ಅವಂಗ ಮೊದಲ ಉತ್ತರ ಕೊಡ್ತೀನಿ.

ಗಾಡಿ ನಮ್ಮ ಕಾಕಾನ ಮಗಂದು. ಎಪ್ರಿಲಿಯಾ ಎಸ್‌ಆರ್ 150, 2017ರದು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. ಕಬ್ಬಿನ ಸೀಸನ್ನಿನಾಗ, ನಸುಕಿನ ಹೊತ್ತು, ಟ್ರ್ಯಾಕ್ಟರ್ ಬಿಟ್ಟುಹೋದ ಕೆಸರು ಮತ್ತ ರವದಿ ಮ್ಯಾಲ ಬ್ರೇಕ್ ಹಿಡಿದ. ಗಾಡಿ ಅಡ್ಡ ಹೋಗಿ ಬಿತ್ತು. ಕಾಲರ್ ಬೋನ್ ಮುರೀತು. ಹೆಲ್ಮೆಟ್ ಇತ್ತು ಅಂತ ಇವತ್ತು ನಿಮ್ಮ ರೀಲ್ಸಿಗೆ ಲೈಕ್ ಒತ್ತಾಕತ್ತಾನ.

ಮನ್ಯಾಗ ತೀರ್ಪು ಅವತ್ತೇ ಆತು. ಅಪ್ಪ ಅಂದ, "ಆ ರೇಸ್ ಗಾಡಿ ಮನಿ ಮುಂದ ಕಾಣಬಾರ್ದು." ಕಾಕಾ ಮಾರಾಕ ಗಿರಾಕಿ ಹುಡುಕಾಕತ್ತಾನ.

ನಾ ಬ್ಯಾಡ ಅಂತೀನಿ. ಗಾಡಿ ಮ್ಯಾಲಿನ ಪ್ರೀತಿಗೆ ಅಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಕೊನೆ ವರ್ಷದಾಗ ಅದೀನಿ, ಬಿದ್ದ ಮ್ಯಾಲ ಆ ಗಾಡಿ ಬಿಚ್ಚಿ ನೋಡಿದವಳು ನಾನ. (ಹೌದು, ಹುಡುಗಿ. "ಸ್ಕೂಟರ್ ಹುಡುಗ್ಯಾರ ಗಾಡಿ" ಅಂತ ಕಮೆಂಟ್ ಹಾಕಿದ ಮೂರು ಮಂದಿಗೂ ನಮಸ್ಕಾರ.) ನನ್ನ ಮಾತು ಇಷ್ಟ: ಈ ಗಾಡಿಯೊಳಗ "ಸ್ಪೋರ್ಟ್" ಅನ್ನೋದು ಎಂಜಿನ್ನಿನಾಗ ಇಲ್ಲ, ಗಾಲಿಯೊಳಗ ಐತಿ. ಅಣ್ಣ ಬಿದ್ದದ್ದು ಅದು ರೇಸ್ ಗಾಡಿ ಅಂತ ಅಲ್ಲ. ಅದರ ಗಾಲಿ ಸುದ್ದಿ ಯಾರೂ ವಿಚಾರ ಮಾಡಲಿಲ್ಲ, ಅದಕ್ಕ. ಹೆಂಗ ಅನ್ನೋದು ಒಂದೊಂದೇ ಫೋಟೊಕ್ಕ ಬರೀತೀನಿ. ಉದ್ದ ಆಗತೈತಿ, ಸೇವ್ ಮಾಡಿಕೊಳ್ರಿ.

ಭಾಗ 2

ಮೊದಲು "ಇಟಲಿ ಏನ?" ಅನ್ನೋರಿಗೆ.

ಎಪ್ರಿಲಿಯಾ ಹುಟ್ಟಿದ್ದು ವೆನಿಸ್ ಹತ್ತಿರದ ನೊಆಲೆ ಅನ್ನೋ ಸಣ್ಣ ಊರಾಗ. ಎರಡನೇ ಮಹಾಯುದ್ಧ ಮುಗಿದ ಮ್ಯಾಲ ಅಲ್ಬೆರ್ಟೊ ಬೆಜ್ಜೊ ಅನ್ನೋರು ಸೈಕಲ್ ಕಾರ್ಖಾನೆ ತೆಗೆದ್ರು. ಮಗ ಇವಾನೊ ಬೆಜ್ಜೊ 1968ರಲ್ಲಿ ಕೈಗೆ ತಗೊಂಡು ಮೊಪೆಡ್, ಮೋಟರ್‌ಸೈಕಲ್ ಕಡೆ ತಿರುಗಿಸಿದ್ರು. ಆಮ್ಯಾಲ ರೇಸು. 1994, 95, 96ರಲ್ಲಿ ಮ್ಯಾಕ್ಸ್ ಬಿಯಾಜಿ 250 ಸಿಸಿ ವಿಶ್ವ ಚಾಂಪಿಯನ್. ವ್ಯಾಲೆಂಟಿನೊ ರೊಸ್ಸಿ 1997ರಲ್ಲಿ 125, 1999ರಲ್ಲಿ 250. ನೀವು ಟೀಶರ್ಟ್ ಮ್ಯಾಲ 46 ಬರಸ್ಕೊಂಡು ಅಡ್ಡಾಡ್ತೀರಲ್ಲ, ಆ ರೊಸ್ಸಿ ಮೊದಲು ಗೆದ್ದದ್ದು ಎಪ್ರಿಲಿಯಾ ಮ್ಯಾಲ.

ಅದೇ 1990ರ ದಶಕದ ಸುರುವಿಗೆ ಎಸ್‌ಆರ್ 50 ಬಂತು. ಎರಡು ಸ್ಟ್ರೋಕಿನ 50 ಸಿಸಿ ಸ್ಕೂಟರ್, ಮೈಮ್ಯಾಲ ರೇಸ್ ಬೈಕಿನ ಬಣ್ಣ. ಈಗ ಒಂದು ಮಜಾ ಕೇಳ್ರಿ. ಯುರೋಪಿನಾಗ 50 ಸಿಸಿ ಗಾಡಿಗೆ ಕಾನೂನಿನ ಮಿತಿ ಗಂಟೆಗೆ 45 ಕಿ.ಮೀ. ಅಂದ್ರ ನೀವು "ಸ್ಪೋರ್ಟ್ಸ್ ಸ್ಕೂಟರ್" ಅನ್ನೋ ಜಾತಿ ಏನೈತಿ, ಅದು ಬೆಳೆದದ್ದು 45ಕ್ಕ ಕಟ್ಟಿಹಾಕಿದ ಗಾಡಿಗಳಾಗ! ಲಾಕ್ ಬಿಚ್ಚಿಸಿ ಓಡಿಸೋ ಪೋರಗೋಳು ಅಲ್ಲೂ ಇದ್ರು, ಅದು ಬ್ಯಾರೆ ಮಾತು. ಆದ್ರ ಎಂಜಿನಿಯರಿಗೆ ಸ್ಪೀಡ್ ಕೊಡಾಕ ಬರಂಗಿಲ್ಲ ಅಂದ ಮ್ಯಾಲ ಅವ ಸ್ಪೋರ್ಟ್ ಎಲ್ಲಿ ತುರುಕಬೇಕು? ಗಾಲಿಯೊಳಗ, ಚಾಸಿಯೊಳಗ, ಬ್ರೇಕಿನಾಗ. ಆ ಕಾಲದ ಸ್ಕೂಟರಿಗೆ ಸಾಮಾನ್ಯವಾಗಿ 10 ಇಂಚಿನ ಗಾಲಿ. ಎಸ್‌ಆರ್ 50ಕ್ಕ ಹಾಕಿದ್ದು 13 ಇಂಚು.

ಇದನ್ನ ನೆನಪಿಟ್ಟುಕೊಳ್ರಿ. ಮುಂದಿನ ಕತಿ ಎಲ್ಲಾ ಇದರ ಮ್ಯಾಲ ನಿಂತೈತಿ.

(2000ದ ಸುಮಾರಿಗೆ ಅದರೊಳಗ ಡೈಟೆಕ್ ಅಂತ ಒಂದು ನಮೂನಿ ಬಂತು. ಎರಡು ಸ್ಟ್ರೋಕಿನ ಎಂಜಿನ್ನಿನಾಗ ಪೆಟ್ರೋಲ್ ಸುಡೋಕಿಂತ ಮೊದಲ ಒಂದಿಷ್ಟು ಹೊಗಿ ಜೋಡಿ ಹೊರಗ ಹೋಗತೈತಲ್ಲ, ಅದನ್ನ ತಡೆಯೋ ಸಲುವಾಗಿ ಪೆಟ್ರೋಲನ್ನ ಗಾಳಿ ಒತ್ತಡದಿಂದ ನೇರ ಸಿಲಿಂಡರಿಗೇ ಸಿಂಪಡಿಸೋದು. ಆಸ್ಟ್ರೇಲಿಯಾದ ಆರ್ಬಿಟಲ್ ಕಂಪನಿ ತಂತ್ರ. 50 ಸಿಸಿ ಸ್ಕೂಟರಿಗೆ ಡೈರೆಕ್ಟ್ ಇಂಜೆಕ್ಷನ್! ಇದರ ಬಗ್ಗೆ ಒಂದು ಬ್ಯಾರೆ ಪೋಸ್ಟ್ ಬರೀಬೇಕು, ಈಗ ಬಿಡ್ರಿ.)

ಭಾಗ 3

ಈ ಫೋಟೊದಾಗ ಇರೋದು ಅಜ್ಜನ ಬಜಾಜ್ ಚೇತಕ್. ಗೋಡೌನಿನಾಗ ಮೂಲ್ಯಾಗ ಐತಿ. ಓರೆ ಮಾಡಿ ಕಿಕ್ ಹೊಡಿಯೋ ಗಾಡಿ, ಹಿಂದ ಸ್ಟೆಪ್ನಿ. ಸ್ಕೂಟರಿನ ಗಾಲಿ ಯಾಕ ಸಣ್ಣದು ಅನ್ನೋ ಪ್ರಶ್ನೆಗೆ ಉತ್ತರ ಆ ಸ್ಟೆಪ್ನಿಯೊಳಗ ಐತಿ.

ಪಿಯಾಜಿಯೊ ವಿಮಾನ ಮಾಡೋ ಕಂಪನಿ. ಯುದ್ಧದಾಗ ಪೊಂತೆದೆರಾ ಊರಿನ ಕಾರ್ಖಾನೆ ಬಾಂಬಿಗೆ ಹಾಳಾತು. ಯುದ್ಧ ಮುಗದ ಮ್ಯಾಲ ಮಂದಿಗೆ ಅಗ್ಗದ ಗಾಡಿ ಬೇಕಾಗಿತ್ತು. ಕೊರ್ರಾದಿನೊ ದಸ್ಕಾನಿಯೊ ಅನ್ನೋ ಎಂಜಿನಿಯರ್‌ಗೆ ಕೆಲಸ ಒಪ್ಪಿಸಿದ್ರು. ಅವ ಹೆಲಿಕಾಪ್ಟರ್ ಮಾಡಿದಂವ, ಮೋಟರ್‌ಸೈಕಲ್ ಅಂದ್ರ ಆಗತಿರ್ಲಿಲ್ಲ. ಚೈನು, ಗ್ರೀಸು, ಹೊಲಸಾಗೋ ಬಟ್ಟಿ, ಪಂಕ್ಚರ್ ಆದ್ರ ಗಾಲಿ ಬಿಚ್ಚಾಕ ಅರ್ಧ ದಿನ. ಅದಕ್ಕ ವಿಮಾನದ ಗಾಲಿ ಹೆಂಗ ಒಂದೇ ಕಡೆ ತೋಳಿಗೆ ಸಿಗಿಸಿರತೈತಿ, ಹಂಗ ಸಿಗಿಸಿದ. ನಟ್ಟು ಬಿಚ್ಚು, ಗಾಲಿ ಬದಲ ಮಾಡು, ನಡಿ. 1946ರ ಏಪ್ರಿಲಿನಾಗ ಪೇಟೆಂಟಿಗೆ ಅರ್ಜಿ ಹಾಕಿದ್ರು. 98 ಸಿಸಿ, 8 ಇಂಚಿನ ಗಾಲಿ. ಅದರ ಆಕಾರ, ಸದ್ದು ನೋಡಿ ಮಾಲಕ ಎನ್ರಿಕೊ ಪಿಯಾಜಿಯೊ ಇಟ್ಟ ಹೆಸರು ವೆಸ್ಪಾ, ಅಂದ್ರ ಕಣಜದ ಹುಳ. ಎರಡು ವರ್ಷ ಬಿಟ್ಟು ಬಂದ ಮೂರು ಗಾಲಿಯದಕ್ಕ ಆಪೆ, ಅಂದ್ರ ಜೇನುಹುಳ. ಚಿಕ್ಕೋಡಿ ಸ್ಟ್ಯಾಂಡಿಗೆ ನಾವು ಒತ್ತಿಕೊಂಡು ಕುಂದರತೀವಲ್ಲ, ಅದ ಆಪೆ ರಿಕ್ಷಾ. ಇಷ್ಟು ದಿನ ಜೇನುಹುಳದಾಗ ಕುಂತು ಕಾಲೇಜಿಗೆ ಹೋಗೀವಿ, ಗೊತ್ತಿರಲಿಲ್ಲ.

ಬಜಾಜ್ ಕಂಪನಿ 1960ರ ದಶಕದಾಗ ವೆಸ್ಪಾ ಲೈಸೆನ್ಸ್ ಮ್ಯಾಲ ಸ್ಕೂಟರ್ ಮಾಡ್ತಿತ್ತು. 1971ಕ್ಕ ಕರಾರು ಮುಗೀತು, 1972ಕ್ಕ ಚೇತಕ್ ಬಂತು. ಹಂಗಾಗಿ ಅಜ್ಜನ ಚೇತಕ್ಕಿನ ಮೈಯಾಗ ದಸ್ಕಾನಿಯೊನ ವಿಚಾರ ಐತಿ.

ಅವನ ಲೆಕ್ಕ ಸರಿನ ಇತ್ತು. ಗಾಲಿ ಸಣ್ಣದಿದ್ರ ಸ್ಟೆಪ್ನಿ ಹೊತ್ತುಕೊಂಡು ಹೋಗಬಹುದು, ಕಾಲಿಡೋ ಜಾಗ ಕೆಳಗ ಬರತೈತಿ, ಲಂಗ ಹಾಕ್ಕೊಂಡೋರೂ ಹತ್ತಬಹುದು. ಆದ್ರ ಈಗ ಟ್ಯೂಬ್‌ಲೆಸ್ ಟೈರ್ ಬಂದಾವ. ಹೊಸ ಸ್ಕೂಟರ್ ಯಾವುದರಾಗೂ ಹಿಂದ ಸ್ಟೆಪ್ನಿ ನೇತಾಡಂಗಿಲ್ಲ. ಸ್ಟೆಪ್ನಿ ಹೋತು, ಸಣ್ಣ ಗಾಲಿ ಮಾತ್ರ ಉಳೀತು. ಯಾಕ? ರೂಢಿ. ಸೀಟಿನ ಕೆಳಗಿನ ಡಿಕ್ಕಿ. ಗಾಲಿ ದೊಡ್ಡದಾದ್ರ ಡಿಕ್ಕಿ ಸಣ್ಣದಾಗತೈತಿ, ಡಿಕ್ಕಿ ಸಣ್ಣದಾದ್ರ ಶೋರೂಮಿನಾಗ ಅವ್ವನ ಮಾರಿ ಸಣ್ಣದಾಗತೈತಿ.

ಭಾಗ 4

2004ರಲ್ಲಿ ಪಿಯಾಜಿಯೊ ಎಪ್ರಿಲಿಯಾವನ್ನ ಕೊಂಡುಕೊಂಡಿತು. ಅಂದ್ರ ಕಣಜದ ಹುಳದ ಮನಿಗೆ ರೇಸ್ ಹುಡುಗ ಬಂದ.

ಭಾರತದಾಗ ಪಿಯಾಜಿಯೊ ಕಾರ್ಖಾನೆ ಇರೋದು ಬಾರಾಮತಿಯೊಳಗ. ಹೌದು, ಅದ ಬಾರಾಮತಿ, ಪುಣೆ ಜಿಲ್ಲಾ, ಕಬ್ಬಿನ ಸೀಮಿ. ನಮ್ಮೂರಿಂದ ಅರ್ಧ ದಿನದ ದಾರಿ. ಮೊದಲು ಆಪೆ ರಿಕ್ಷಾ ಮಾಡ್ತಿದ್ರು, 2012ರಲ್ಲಿ ವೆಸ್ಪಾ ಸುರು ಮಾಡಿದ್ರು. 2016ರ ಫೆಬ್ರವರಿಯ ಆಟೊ ಎಕ್ಸ್‌ಪೋದಾಗ ಎಸ್‌ಆರ್ 150 ತೋರಿಸಿದ್ರು, ಅದೇ ಆಗಸ್ಟಿಗೆ ಮಾರಾಕ ತಂದ್ರು. ದೆಹಲಿ ಎಕ್ಸ್-ಶೋರೂಂ ಬೆಲೆ ಸುಮಾರು 65,000 ರೂಪಾಯಿ. ಅದೇ ಅಂಗಡಿಯ 150 ಸಿಸಿ ವೆಸ್ಪಾಕ್ಕಿಂತ ಕಡಿಮೆ!

ಇಲ್ಲೇ ನನ್ನ ವಾದದ ಗಂಟು ಐತಿ. ಎಸ್‌ಆರ್ 150ರ ಎಂಜಿನ್ ಯಾವುದು? ವೆಸ್ಪಾದ್ದೇ. 154.8 ಸಿಸಿ, ಒಂದು ಸಿಲಿಂಡರ್, ಮೂರು ವಾಲ್ವ್, ಗಾಳಿಯಿಂದ ತಣ್ಣಗಾಗೋದು, 11ರ ಆಸುಪಾಸು ಅಶ್ವಶಕ್ತಿ. ಒಂದ ಮನಿ, ಒಂದ ಎಂಜಿನ್. ವೆಸ್ಪಾ ನೋಡಿದ್ರ "ಮದಿವಿ ಮನಿ ಗಾಡಿ" ಅಂತೀರಿ, ಎಸ್‌ಆರ್ ನೋಡಿದ್ರ "ರೇಸ್" ಅಂತೀರಿ. ಹೃದಯ ಎರಡಕ್ಕೂ ಒಂದ.

ಹಂಗಾದ್ರ ಬದಲಾಗಿದ್ದೇನು? ವೆಸ್ಪಾಕ್ಕ ಪತ್ರಾದ ಮೈ, ಮುಂದ ಒಂದೇ ತೋಳಿನ ಸಸ್ಪೆನ್ಶನ್, 10 ಇಲ್ಲಾ 11 ಇಂಚಿನ ಗಾಲಿ. ಎಸ್‌ಆರ್‌ಗೆ ಪ್ಲಾಸ್ಟಿಕ್ ಪ್ಯಾನೆಲ್, ಬೈಕಿಗಿದ್ದಂಗ ಎರಡು ಕಾಲಿನ ಟೆಲಿಸ್ಕೋಪಿಕ್ ಫೋರ್ಕ್, ಮುಂದೂ ಹಿಂದೂ 14 ಇಂಚಿನ ಗಾಲಿ, 120 ಮಿ.ಮೀ. ಅಗಲದ ಟೈರು, ಮುಂದ 220 ಮಿ.ಮೀ. ಡಿಸ್ಕು.

ಸಿವಿಟಿ ಅಂದ್ರೇನು ಅಂತ ಹೋದ ಸೆಮಿಸ್ಟರಿನಾಗ ಓದಿದೀವಿ, ಮರ್ತಿದ್ರ ಒಂದು ಸಾಲಿನಾಗ: ಬೆಲ್ಟಿನ ಒಂದು ಕಡೆ ವೇರಿಯೇಟರ್, ಅದರೊಳಗ ಸಣ್ಣ ರೋಲರ್ ಇರ್ತಾವ, ಎಂಜಿನ್ ಜೋರು ತಿರುಗಿದಂಗ ಅವು ಹೊರಗ ಸರಿದು ಪುಲ್ಲಿ ಒತ್ತತಾವ, ಬೆಲ್ಟು ಮ್ಯಾಲ ಏರತೈತಿ, ಗೇರ್ ತಾನ ಬದಲಾಗತೈತಿ. 2017ಕ್ಕ "ರೇಸ್" ಅನ್ನೋ ಎಡಿಷನ್ ಬಂತಲ್ಲ, ಅದರಾಗ ಎಂಜಿನ್ ಅದ, ಗೇರ್ ಅನುಪಾತ ಬದಲಿಸಿ ಪಿಕಪ್ ಚುರುಕು ಮಾಡಿದ್ರು, ಮ್ಯಾಲ ಸ್ಟಿಕ್ಕರ್. ಸ್ಟಿಕ್ಕರಿಗೆ ಅಶ್ವಶಕ್ತಿ ಇರಂಗಿಲ್ಲ.

ಭಾಗ 5

ಈಗ ಲೆಕ್ಕ. ಹಾಳಿ, ಪೆನ್ನು ತಗೊಳ್ರಿ. ಇದು ನನಗ ಭಾಳ ಇಷ್ಟದ ಫೋಟೊ, ಟೈರಿನ ಮೈಮ್ಯಾಲಿನ ಬರಹ.

120/70-14 ಅಂತ ಐತಿ. 120 ಅಂದ್ರ ಟೈರಿನ ಅಗಲ, ಮಿ.ಮೀ. ಲೆಕ್ಕದಾಗ. 70 ಅಂದ್ರ ಪಕ್ಕದ ಗೋಡಿ ಎತ್ತರ, ಅಗಲದ ನೂರಕ್ಕೆ 70, ಅಂದ್ರ 84 ಮಿ.ಮೀ. 14 ಅಂದ್ರ ರಿಮ್ಮಿನ ವ್ಯಾಸ ಇಂಚಿನಾಗ, ಅಂದ್ರ 355.6 ಮಿ.ಮೀ. ಕೂಡಿಸ್ರಿ: 355.6 + 84 + 84 = 523.6. ಅರ್ಧ ಮಾಡ್ರಿ, ತ್ರಿಜ್ಯ ಸುಮಾರು 262.

ಈಗ ಹಳೇ ಆಕ್ಟಿವಾ. 90/100-10. ರಿಮ್ 254, ಗೋಡಿ 90 ಮತ್ತ 90. ಒಟ್ಟು 434, ತ್ರಿಜ್ಯ 217. (2020ರಿಂದ ಬಂದ 6ಜಿಗೆ ಮುಂದ 12 ಇಂಚು ಹಾಕ್ಯಾರ. ಹೋಂಡಾದೋರಿಗೂ ಗಾಲಿ ಅರ್ಥ ಆಗೈತಿ ಅಂತ ಆತು.)

ಇನ್ನ ನಮ್ಮ ರಸ್ತಾಕ್ಕ ಬರೋಣು. 30 ಸೆಂ.ಮೀ. ಅಗಲದ ಒಂದು ತಗ್ಗು. ಯಡೂರಿಂದ ಯಾವ ದಿಕ್ಕಿಗೆ ಹೊಂಟ್ರೂ ಇಂಥಾವು ಎಣಿಸಾಕ ಬೆರಳು ಸಾಲಂಗಿಲ್ಲ. ಗಾಲಿ ಅದರ ಎರಡೂ ದಂಡಿ ಮುಟ್ಟಿ ಎಷ್ಟು ಕೆಳಗ ಇಳೀತೈತಿ? ಪೈಥಾಗೊರಸ್ ಅಷ್ಟ. ತ್ರಿಜ್ಯದ ವರ್ಗದಾಗ 150ರ ವರ್ಗ ಕಳೀರಿ, ವರ್ಗಮೂಲ ತೆಗೀರಿ, ತ್ರಿಜ್ಯದಿಂದ ಕಳೀರಿ.

14 ಇಂಚಿನ ಗಾಲಿ ಇಳಿಯೋದು ಸುಮಾರು 47 ಮಿ.ಮೀ.
10 ಇಂಚಿನದು ಸುಮಾರು 60 ಮಿ.ಮೀ.

ಬರೇ 13 ಮಿ.ಮೀ. ಫರಕು ಅಂತೀರಾ? ಸಣ್ಣ ಗಾಲಿ ಸುಮಾರು ಕಾಲು ಭಾಗಕ್ಕಿಂತ ಹೆಚ್ಚು ಆಳ ಇಳಿದು, ಅಷ್ಟೇ ಎತ್ತರ ಹತ್ತಿ ಹೊರಗ ಬರಬೇಕು, ಅದೂ ಅಷ್ಟೇ ಹೊತ್ತಿನಾಗ. ಆ ಜರ್ಕ್ ಹ್ಯಾಂಡಲ್ಲಿಗೆ ಬರತೈತಿ, ಹ್ಯಾಂಡಲ್ಲಿಂದ ಮಣಿಕಟ್ಟಿಗೆ. ರಾತ್ರಿ, ಎದುರು ಟ್ರ್ಯಾಕ್ಟರ್ ಲೈಟ್ ಕಣ್ಣಿಗೆ ಹೊಡೀವಾಗ, ತಗ್ಗು ಕಾಣದಿದ್ದಾಗ, ಹ್ಯಾಂಡಲ್ ಕೈಯಾಗ ಉಳೀತೈತೋ ಇಲ್ಲೋ ಅನ್ನೋದು ಆ 13 ಮಿ.ಮೀ. ಮ್ಯಾಲ ಇರತೈತಿ.

ಇದು ಜಾದೂ ಅಲ್ಲ ಅನ್ನೋದೂ ಹೇಳ್ತೀನಿ. 5 ಸೆಂ.ಮೀ. ಎತ್ತರದ ಕಲ್ಲಿಗೆ ಬಡಿದ್ರ ದೊಡ್ಡ ಗಾಲಿಗೆ ತಾಗೋ ಕೋನ 36 ಡಿಗ್ರಿ, ಸಣ್ಣದಕ್ಕ ಸುಮಾರು 40. ನಾಲ್ಕ ಡಿಗ್ರಿ ಫರಕು. ಕಲ್ಲು ಕಲ್ಲೇ. ಆದ್ರ ತಗ್ಗಿನಾಗ ಮಾತ್ರ ದೊಡ್ಡ ಗಾಲಿ ಗೆಲ್ಲತೈತಿ. ನಮ್ಮ ಕಡೆ ಇರೋದು ತಗ್ಗು.

ಅದಕ್ಕ ನನ್ನ ಅಭಿಪ್ರಾಯ: ಇಟಲಿಯೋರು ಮೂಲ್ಯಾಗ ಗಾಡಿ ಬಾಗಸಾಕ ಹಾಕಿದ ಗಾಲಿ, ಕೃಷ್ಣಾ ದಂಡಿ ಮಂದಿಗೆ ತಗ್ಗು ದಾಟಾಕ ಉಪಯೋಗ. ಇದನ್ನ ಯಾವ ಜಾಹೀರಾತಿನಾಗೂ ಹೇಳಲಿಲ್ಲ. ಟ್ರ್ಯಾಕು, ಹೆಲ್ಮೆಟ್ಟು, ಹೊಗಿ, ಇಷ್ಟ ತೋರಿಸಿದ್ರು.

ಭಾಗ 6

ಇನ್ನ ಬೈಯೋದು. ಇಷ್ಟೊತ್ತು ಹೊಗಳಿದ್ದು ಕೇಳಿ ಕಂಪನಿ ರೊಕ್ಕ ಕೊಟ್ಟೈತಿ ಅನ್ಕೊಂಡಿರಿ.

ಅವ್ವನ್ನ ಹಿಂದ ಕುಂದರಿಸಿಕೊಂಡು ಒಮ್ಮೆ ಅಂಕಲಿಗೆ ಹೋಗಿದ್ದೆ. ಇಳಿದು ಸೊಂಟ ಹಿಡಕೊಂಡು, "ಏನ ಗಾಡಿನ ಯವ್ವಾ ಇದು, ಚಕ್ಕಡಿ ಎಷ್ಟೋ ಚಲೋ" ಅಂದ್ಲು. ಅವ್ವನ ಮಾತು ಖರೆ. ಈ ಗಾಡಿ ಸಸ್ಪೆನ್ಶನ್ ಗಟ್ಟಿ. ಯಾಕಂದ್ರ ಮೂಲ್ಯಾಗ ಬಾಗಿಸಿದಾಗ ಮೈ ಕುಣೀಬಾರ್ದು ಅಂತ ಸ್ಪ್ರಿಂಗ್ ಬಿಗಿ ಇಟ್ಟಾರ. ಅದರ ಮ್ಯಾಲ ಸ್ಕೂಟರ್ ಅನ್ನೋ ಜಾತಿಗೇ ಒಂದು ರೋಗ ಐತಿ. ಬೈಕಿನ ಎಂಜಿನ್ ಫ್ರೇಮಿಗೆ ಬೋಲ್ಟ್ ಆಗಿರತೈತಿ. ಸ್ಕೂಟರಿನಾಗ ಎಂಜಿನ್, ಸಿವಿಟಿ, ಹಿಂದಿನ ಗಾಲಿ ಎಲ್ಲಾ ಒಂದೇ ಗಂಟು, ಗಾಲಿ ಹಾರಿದಾಗ ಎಂಜಿನ್ನೂ ಜೋಡಿ ಹಾರತೈತಿ. ಅಷ್ಟು ಭಾರವನ್ನ ಶಾಕ್ ಅಬ್ಸಾರ್ಬರ್ ಹಿಡೀಬೇಕು. ನಮ್ಮ ಪುಸ್ತಕದಾಗ ಅನ್‌ಸ್ಪ್ರಂಗ್ ಮಾಸ್ ಅಂತ ಎರಡು ಸಾಲು ಬರದು ಬಿಟ್ಟಾರ. ಅವ್ವನ ಸೊಂಟದಾಗ ಅದರ ಪೂರಾ ಅಧ್ಯಾಯ ಐತಿ.

ಡಿಕ್ಕಿ ಸಣ್ಣದು. ಮೈಲೇಜ್ ಆಕ್ಟಿವಾದಷ್ಟು ಬರಂಗಿಲ್ಲ. ಮೇವಿನ ಸೂಡು, ಹಾಲಿನ ಕ್ಯಾನು ಹೊರಾಕ ಈ ಗಾಡಿ ಅಲ್ಲ. ಮನಿಗೆ ಒಂದೇ ಗಾಡಿ ಅಂದ್ರ ಇದನ್ನ ತಗೋಬ್ಯಾಡ್ರಿ, ಇದು ನನ್ನ ಸ್ಪಷ್ಟ ಮಾತು. ಇನ್ನೊಂದು, ತಗೊಳೋಕ್ಕಿಂತ ಮೊದಲು ಸರ್ವಿಸ್ ಸೆಂಟರ್ ಎಷ್ಟು ದೂರ ಐತಿ ನೋಡ್ರಿ. ಒಂದು ಬೆಲ್ಟಿಗೆ, ಒಂದು ಪ್ಯಾನೆಲ್ಲಿಗೆ ಊರೂರು ಫೋನ್ ಹಚ್ಚೋ ಗಾಡಿ ತಗೊಂಡು ಆಮ್ಯಾಲ ಇಟಲಿಗೆ ಬೈಬಾರ್ದು.

ಭಾಗ 7

ಅಣ್ಣ ಬಿದ್ದದ್ದು ಹೆಂಗ. ಅವನ್ನ ಕೇಳಿ, ಅವನ ಒಪ್ಪಿಗಿ ತಗೊಂಡ ಬರೀತೀನಿ.

ಗಾಡಿ ಬಿಚ್ಚಿದಾಗ ಮೊದಲು ಕಂಡದ್ದು ಹಿಂದಿನ ಟೈರು. ನಡುವ ಪೂರಾ ಬೋಳು. ಟೈರಿನ ಗಾಳಿಯೊಳಗಿನ ಸಣ್ಣ ದಿಬ್ಬ, ಟಿಡಬ್ಲ್ಯುಐ ಅಂತ ಪಕ್ಕದಾಗ ಬರದಿರತೈತಿ, ಅದಕ್ಕೂ ಟೈರಿನ ಮೈಗೂ ಸಮ ಆಗಿತ್ತು. ಆ ದಿಬ್ಬ ಮುಟ್ಟಿತು ಅಂದ್ರ ಟೈರಿನ ಆಯುಷ್ಯ ಮುಗೀತು ಅಂತ ಲೆಕ್ಕ. ಮಾರಿದಂವ ಟೈರಿಗೆ ಕಪ್ಪು ಪಾಲಿಶ್ ಹಚ್ಚಿ ಮಿಂಚಿಸಿದ್ದ. ನಾವೆಲ್ಲಾ ಗ್ರಾಫಿಕ್ಸ್ ನೋಡಿದ್ವಿ.

ಎರಡನೇದು, ಬ್ರೇಕು. 2017ರ ಗಾಡಿ, ಎಬಿಎಸ್ ಇಲ್ಲ. 125 ಸಿಸಿಕ್ಕಿಂತ ದೊಡ್ಡದಕ್ಕ ಎಬಿಎಸ್ ಕಡ್ಡಾಯ ಆದದ್ದು 2019ರ ಏಪ್ರಿಲಿನಿಂದ. ಅಣ್ಣ ಸಣ್ಣಂವಿದ್ದಾಗಿನಿಂದ ಸೈಕಲ್ಲಿನ ರೂಢಿ, "ಮುಂದಿನ ಬ್ರೇಕ್ ಹಿಡಿದ್ರ ಪಲ್ಟಿ ಆಗತೈತಿ." ನಿಮಗೂ ಯಾರೋ ಹೇಳಿರಬೇಕು. ಅದಕ್ಕ ಎಡಗೈದು, ಹಿಂದಿನ ಡ್ರಮ್ಮು, ಅಷ್ಟ ಒತ್ತಿದ. ಬ್ರೇಕ್ ಹಿಡಿದಾಗ ಭಾರ ಎಲ್ಲಾ ಮುಂದ ಸರೀತೈತಿ, ಹಿಂದಿನ ಗಾಲಿ ಹಗುರ ಆಗತೈತಿ. ಹಗುರ ಗಾಲಿ, ಬೋಳು ಟೈರು, ಕೆಳಗ ಕೆಸರು. ಲಾಕ್ ಆಗಿ ಜಾರಿತು. 220 ಮಿ.ಮೀ. ಡಿಸ್ಕು ಮುಂದ ಸುಮ್ನ ಕುಂತಿತ್ತು. ನಿಲ್ಲಿಸೋ ಕೆಲಸದ ದೊಡ್ಡ ಪಾಲು ಅದರದು.

ಈಗ ಟಾಪ್ ಸ್ಪೀಡ್ ಕೇಳಿದೋರು ಈ ಲೆಕ್ಕ ನೋಡ್ರಿ. ಒಣ ಡಾಂಬರಿಗೆ ಘರ್ಷಣ ಗುಣಾಂಕ 0.7 ಅಂತ ಹಿಡೀರಿ. 40ರಾಗ ಹೊಂಟ ಗಾಡಿ ಬ್ರೇಕ್ ಕಚ್ಚಿದ ಮ್ಯಾಲ ನಿಲ್ಲಾಕ ಸುಮಾರು 9 ಮೀಟರ್. 60ರಾಗ ಸುಮಾರು 20. ಸ್ಪೀಡ್ ಒಂದೂವರೆ ಪಟ್ಟು, ದೂರ ಎರಡು ಪಟ್ಟಿಗೂ ಮ್ಯಾಲ. ಕೆಸರಿಗೆ 0.3 ಹಿಡೀರಿ: 40ರಾಗ 21 ಮೀಟರ್, 60ರಾಗ 47. ನಿಮ್ಮ ತಲಿಗೆ ಹೊಳದು ಕೈ ಬ್ರೇಕಿಗೆ ಹೋಗೋ ಒಂದು ಸೆಕೆಂಡಿನಾಗ ಓಡೋ 11 ಇಲ್ಲಾ 17 ಮೀಟರ್ ಬ್ಯಾರೆ. ಎರಡು ಟ್ರೇಲರ್ ಹಾಕಿದ ಟ್ರ್ಯಾಕ್ಟರ್, ಹಿಂದ ರೇಡಿಯಂ ಇಲ್ಲ, ಲೈಟ್ ಇಲ್ಲ. ನಿಮಗ ಕಾಣೋದು ಎಷ್ಟು ದೂರದಿಂದ? ನೀವೇ ಒಮ್ಮೆ ಹೆಜ್ಜಿ ಹಾಕಿ ಅಳೀರಿ.

ಬೋಳು ಟೈರು ಹಾಕಿದ ಎಸ್‌ಆರ್‌ಗಿಂತ ಹೊಸ ಟೈರಿನ ಹಳೇ ಆಕ್ಟಿವಾ ಹೆಚ್ಚು ಸ್ಪೋರ್ಟಿ. ಬೇಕಾದ್ರ ಕಮೆಂಟಿನಾಗ ಜಗಳ ಆಡ್ರಿ, ನಾ ತಯಾರ್ ಅದೀನಿ.

ಭಾಗ 8

ಸಣ್ಣದು. ಮಳಿಗಾಲಕ್ಕ ಮೊದಲ ಹೇಳಬೇಕು ಅಂತ.

ಕಲ್ಲೋಳ-ಯಡೂರ ಬ್ಯಾರೇಜ್ ಮಹಾರಾಷ್ಟ್ರದಾಗ ಮಳಿ ಜೋರಾದ್ರ ಮುಳುಗತೈತಿ, ಇದು ಯಾರಿಗೂ ಹೊಸಾದಲ್ಲ. ನೀರು ಏರೂ ಹೊತ್ತಿಗೆ "ಮೊಣಕಾಲು ಅಷ್ಟ ಐತಿ" ಅಂತ ಗಾಡಿ ಹೊಗಿಸೋ ಶೂರರು ಪ್ರತಿ ವರ್ಷ ಇರ್ತಾರ. ಹೊಳಿ ಸೆಳವಿನ ಮಾತು ಬಿಡ್ರಿ, ಅದು ನಿಮ್ಮ ಅಜ್ಜಗ ಗೊತ್ತೈತಿ. ಗಾಡಿ ಮಾತು ಕೇಳ್ರಿ. ಸ್ಕೂಟರಿನ ಸಿವಿಟಿ ಕೆಳಗ, ಎಡಕ್ಕ, ತಣ್ಣಗಾಗಾಕ ಗಾಳಿ ಎಳಕೊಳ್ಳತೈತಿ. ನೀರು ಹೊಕ್ಕರ ಬೆಲ್ಟ್ ಜಾರತೈತಿ, ಕ್ಲಚ್ ಜಾರತೈತಿ. ಎಂಜಿನ್ ಒದರತೈತಿ, ಗಾಲಿ ತಿರಗಂಗಿಲ್ಲ. ಅದೂ ನಡುನೀರಾಗ. ಏರ್ ಫಿಲ್ಟರಿನಿಂದ ಸಿಲಿಂಡರಿಗೆ ಹೋತು ಅಂದ್ರ, ನೀರು ಗಾಳಿಯಂಗ ಒತ್ತಿಸ್ಕೊಳ್ಳಂಗಿಲ್ಲ, ಕನೆಕ್ಟಿಂಗ್ ರಾಡ್ ಬಾಗತೈತಿ. 14 ಇಂಚಿನ ಗಾಲಿ ಇದ್ರೂ ಅಷ್ಟ, 10 ಇದ್ರೂ ಅಷ್ಟ. ಸುತ್ತು ಹಾಕಿ ಹೋಗ್ರಿ.

ಭಾಗ 9

ಆಮ್ಯಾಲ ಏನಾತು ಅಂದ್ರ, ಕಂಪನಿಯೋರು ತಾವೇ ಗಾಲಿ ಮರತ್ರು. 2018ಕ್ಕ ಎಸ್‌ಆರ್ 125 ಬಂತು, 14 ಇಂಚು ಹಂಗ ಇತ್ತು, ಚಲೋ. 2019ರ ಸ್ಟಾರ್ಮ್ 125ಕ್ಕ 12 ಇಂಚು. 2020ಕ್ಕ ಬಿಎಸ್6 ನಿಯಮ ಬಂತು, ಕಾರ್ಬೊರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್, 150 ಹೋಗಿ ಎಸ್‌ಆರ್ 160. ಅದೇ ವರ್ಷದ ಕೊನೆಗೆ ದೊಡ್ಡ ಮೈಯ ಎಸ್‌ಎಕ್ಸ್‌ಆರ್ 160, ಮತ್ತ 12 ಇಂಚು. ಸೀಟು ಮೆತ್ತಗ, ಗಾಜು ದೊಡ್ಡದು, ಅವ್ವಗ ಸೇರಬಹುದು. ನನಗ ಅದು ಎಸ್‌ಆರ್ ಅನಿಸಂಗಿಲ್ಲ. 2021ರಲ್ಲಿ ಯಮಹಾ ಏರಾಕ್ಸ್ 155 ತಂತು, 14 ಇಂಚಿನ ಗಾಲಿ ಜೋಡಿ ನೀರಿನಿಂದ ತಣ್ಣಗಾಗೋ ಎಂಜಿನ್. ಈಗ ನೀವೆಲ್ಲಾ ಅದರ ವಾಲ್‌ಪೇಪರ್ ಹಾಕೀರಿ. ಐದು ವರ್ಷ ಮೊದಲ ಇಲ್ಲೇ ಬಾರಾಮತಿಯಾಗ ಅಂಥಾ ಗಾಲಿ ಹಾಕಿದ್ರು ಅಂತ ಯಾರಿಗೂ ನೆನಪಿಲ್ಲ.

2025ಕ್ಕ ಎಸ್‌ಆರ್ 175 ಬಂದೈತಿ. 14 ಇಂಚು, 13 ಅಶ್ವಶಕ್ತಿ, ಬಣ್ಣದ ಸ್ಕ್ರೀನು, ಬಂದಾಗ ಎಕ್ಸ್-ಶೋರೂಂ ಒಂದೂಕಾಲು ಲಕ್ಷದ ಆಸುಪಾಸು. ಹಿಂದಿನ ಬ್ರೇಕು? ಇನ್ನೂ ಡ್ರಮ್ಮ. ಎಬಿಎಸ್ ಮುಂದಿಂದಕ್ಕ ಅಷ್ಟ. ಸ್ಕ್ರೀನಿಗೆ ರೊಕ್ಕ ಸುರಿದು ಹಿಂದ ಡ್ರಮ್ ಉಳಿಸಿದ್ದು ನನಗ ಸೇರಿಲ್ಲ. ಅದಕ್ಕ ಕಾರಣ ನಾವ, ಗಿರಾಕಿಗೋಳು. ಶೋರೂಮಿಗೆ ಹೋಗಿ ಬ್ಲೂಟೂತ್ ಕೇಳ್ತೀವಿ, ಬ್ರೇಕ್ ಕೇಳಂಗಿಲ್ಲ.

ಹತ್ತನೇತ್ತೆ, ಪಿಯುಸಿ ತಮ್ಮಂದಿರು ತಂಗೆಂದಿರು ಫಾಲೋ ಮಾಡ್ತೀರಿ, ನಿಮಗ ಒಂದು ಮಾತು. 16ಕ್ಕ ಸಿಗೋ ಲೈಸೆನ್ಸ್ 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಅಷ್ಟ. ಈ ಗಾಡಿಗೆ 18 ಆಗಬೇಕು. 18ಕ್ಕಿಂತ ಮೊದಲು ಓಡಿಸಿ ತಪ್ಪು ಮಾಡಿ ಸಿಕ್ಕರ 2019ರ ತಿದ್ದುಪಡಿ ಪ್ರಕಾರ ಪಾಲಕರಿಗೆ ಇಲ್ಲಾ ಗಾಡಿ ಮಾಲಕಗ 25,000 ರೂಪಾಯಿ ದಂಡ, ಮೂರು ವರ್ಷದತನಕ ಜೈಲು. ನಿಮ್ಮ ಅಪ್ಪನ ಕಬ್ಬಿನ ಬಿಲ್ಲಿನಾಗ ಎಷ್ಟು ಟನ್ ಆತು, ಲೆಕ್ಕ ಹಾಕ್ರಿ.

ಸೆಕೆಂಡ್ ಹ್ಯಾಂಡ್ ನೋಡಾಕ ಹೋಗೋರು ಮೊಬೈಲ್ ಟಾರ್ಚ್ ಹಚ್ಚಿ ಟೈರಿನ ದಿಬ್ಬ ನೋಡ್ರಿ. ಟೈರಿನ ಮ್ಯಾಲ ನಾಲ್ಕು ಅಂಕಿ ಇರ್ತಾವ, 2319 ಅಂದ್ರ 2019ರ 23ನೇ ವಾರದಾಗ ಆದದ್ದು. ಬೆಲ್ಟ್ ಯಾವಾಗ ಬದಲಿಸೀರಿ ಅಂತ ಕೇಳ್ರಿ. ಉತ್ತರ ಬರದಿದ್ರ ಅದ ಉತ್ತರ.

ನಿನ್ನೆ ರಾತ್ರಿ ಅಪ್ಪಗ ಈ ಲೆಕ್ಕಾ ಎಲ್ಲಾ ಹಾಳಿ ಮ್ಯಾಲ ಬರದು ತೋರಿಸಿದೆ. ತಗ್ಗು, ತ್ರಿಜ್ಯ, 47, 60. ಕಾಕಾನೂ ಕುಂತಿದ್ದ. ಅಪ್ಪ ಪೂರಾ ಕೇಳಿದ. ಒಂದೂ ಮಾತಾಡಲಿಲ್ಲ. ಆಮ್ಯಾಲ ಹಾಳಿ ತಿರುವಿ, "ಎರಡು ಟೈರ್ ಎಷ್ಟಕ್ಕ ಬರ್ತಾವ?" ಅಂದ. ಹೇಳಿದೆ. "ಮುಂದಿಂದೂ ಬೇಕೇನ?" ಅಂದ. ಮುಂದಿಂದು ಇನ್ನೂ ಚಲೋ ಐತಿ, ಹಿಂದಿಂದು ಸಾಕು ಅಂದೆ.

ಹೂಂ ಅಂದಿಲ್ಲ ಇನ್ನೂ. ಬಿಲ್ ಬರೋತನಕ ಗಾಡಿ ಶೆಡ್ಡಿನಾಗ, ಅಜ್ಜನ ಚೇತಕ್ ಬಾಜೂಕ. ವೇರಿಯೇಟರ್ ಬಿಚ್ಚಿಟ್ಟೀನಿ, ರೋಲರ್ ಒಂದು ಕಡೆ ಸವದು ಚಪ್ಪಟ ಆಗ್ಯಾವ. ಭಾನುವಾರ ಅದರ ಫೋಟೊ ಹಾಕ್ತೀನಿ. ನೋಡಾಕ ಬರೋರು ಬರ್ರಿ, 10 ನಂಬರ್ ಪಾನಾ ಇದ್ರ ತಗೊಂಡ ಬರ್ರಿ, ನಂದು ಕಳದೈತಿ.

#ಯಡೂರು #ಗಾಲಿಲೆಕ್ಕ #ಎಸ್‌ಆರ್150 #ಡಿಪ್ಲೊಮಾಮಂದಿ